ಲೈಬ್ರರಿಗಳ ಉಗ್ರಾಣ ಮತ್ತು ತಾಂಡ್ಯದ ಪಟ್ಟಿ

ನಂಜನಗೂಡಿನ ಪೇಟೆ ಬೀದಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಅಂಗಡಿ ಇತ್ತು. ಮಾಲೀಕರು ಶಿವಮಲ್ಲಪ್ಪನವರು. ಕೆಲಸಕ್ಕೆ ನಾನೊಬ್ಬಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದೆ. ಬಡ್ತಿಯ ವಿಷಯ ಯಾರಾದರೂ ಕೇಳಿದರೆ, ಬಾಗಿಲ ಪಕ್ಕದ ಕುರ್ಚಿಯಿಂದ ಕಿಟಕಿ ಪಕ್ಕದ ಕುರ್ಚಿಗೆ ಹೋದೆ ಅನ್ನುತ್ತೇನೆ. ಕಣ್ಣು ಕೈಕೊಡಲು ಶುರುವಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿತು ಬಂದಿರುತ್ತಾರೆ, ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಬರೆದದ್ದನ್ನು ಇನ್ನೊಬ್ಬರ ಕಂಪ್ಯೂಟರಿಗೆ ಕೊಂಡೊಯ್ಯುವ ಕೆಲಸದ ಬಗ್ಗೆ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪು ಮಾಡಿ ಕಲಿತೆ. ಆ ತಪ್ಪುಗಳನ್ನೇ ಇಲ್ಲಿ ಬರೆದಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮದೆಲ್ಲ, ಮಾಹಿತಿಯನ್ನು ಸಾಲು ಸಾಲಾಗಿ ಫೈಲಿನಲ್ಲಿಡುವ ಫಾಕ್ಸ್‌ಪ್ರೊ. ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ ಹಾಜರಾತಿ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಅಲ್ಲಿನ ಗುಮಾಸ್ತರು ನಂಜುಂಡಸ್ವಾಮಿ. ಹಾಜರಿ ಪುಸ್ತಕ ನೋಡಿಕೊಂಡು ಒಂದೊಂದೇ ಬೆರಳಿನಲ್ಲಿ ಟೈಪು ಮಾಡುವರು, ಆದರೆ ಒಂದು ದಿನವನ್ನೂ ತಪ್ಪಿಸಿದವರಲ್ಲ. ಫಾಕ್ಸ್‌ಪ್ರೊದಲ್ಲಿ ಒಂದು ವಿಚಿತ್ರವಿತ್ತು. ಒಂದು ಸಾಲನ್ನು ಅಳಿಸಿದರೆ ಅದು ನಿಜವಾಗಿ ಅಳಿಯುತ್ತಿರಲಿಲ್ಲ. ಅಳಿಸಿದ್ದು ಅಂತ ಅದರ ಪಕ್ಕ ಒಂದು ಗುರುತು ಬೀಳುತ್ತಿತ್ತು, ತೆರೆಯ ಮೇಲೆ ಕಾಣದಂತೆ ಮರೆಯಾಗುತ್ತಿತ್ತು, ಅಷ್ಟೆ. ಪೂರ್ತಿ ಕಿತ್ತುಹಾಕಬೇಕೆಂದರೆ ‘ಪ್ಯಾಕ್’ ಎಂಬ ಇನ್ನೊಂದು ಆಜ್ಞೆ ಕೊಡಬೇಕು. ಒಂದು ಮಧ್ಯಾಹ್ನ ನಾನು ಹೋಗಿ ಹಳೆಯದನ್ನೆಲ್ಲ ಚೊಕ್ಕಟ ಮಾಡಿಕೊಡುತ್ತೇನೆ ಎಂದು ಪ್ಯಾಕ್ ಕೊಟ್ಟೆ. ಅರ್ಧಕ್ಕೆ ಕರೆಂಟು ಹೋಯಿತು. ತಿಂಗಳ ಹಾಜರಾತಿ ಫೈಲು ಹಾಳಾಯಿತು. ಮೂರು ದಿನ ಅಲ್ಲೇ ಕೂತು ಹಾಜರಿ ಪುಸ್ತಕ ನೋಡಿ ಎಲ್ಲವನ್ನೂ ಮತ್ತೆ ಟೈಪು ಮಾಡಿದೆ. ನಂಜುಂಡಸ್ವಾಮಿ ಪಕ್ಕದಲ್ಲಿ ಕೂತು ಕೆಲಸಗಾರರ ಟೋಕನ್ ನಂಬರು ಓದಿ ಹೇಳಿದರು.

ಮುಗಿದ ಮೇಲೆ ಅವರು ಕೈ ಮುಗಿದರು. “ಇನ್ಮೇಲೆ ಆ ಪ್ಯಾಕು ಗೀಕು ಏನೂ ಬ್ಯಾಡ ಕಣಮ್ಮ. ಅಳಿಸಿದ್ದು ಅದರ ಪಾಡಿಗೆ ಅದು ಬಿದ್ದಿರ್ಲಿ. ನನ್ ಕಣ್ಣಿಗೆ ಕಾಣ್ದೇ ಇದ್ರೆ ಸಾಕು.”

ಅಲ್ಲಿಂದ ಮುಂದೆ ಆ ಕಾರ್ಖಾನೆಯಲ್ಲಿ ಯಾರೂ ಪ್ಯಾಕ್ ಕೊಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಶಿವಮಲ್ಲಪ್ಪನವರು ಮೈಸೂರಿನಿಂದ ಒಂದು ಕಂಪ್ಯೂಟರ್ ಪತ್ರಿಕೆ ತಂದರು. ಅದರ ಜೊತೆ ಬಂದಿದ್ದ ಸಿಡಿಯಲ್ಲಿ ಪೈಥಾನ್ ಇತ್ತು. ಓದಲು ಸಲೀಸಾದ ಭಾಷೆ. ನನಗೆ ಎರಡೇ ವಾರದಲ್ಲಿ ಒಗ್ಗಿತು. ಅದರ ಇನ್ನೊಂದು ಸುಖವೆಂದರೆ ಲೈಬ್ರರಿಗಳು. ಅಂದರೆ, ಎಲ್ಲೋ ಯಾರೋ ಬರೆದು ಎಲ್ಲರ ಬಳಕೆಗೆಂದು ಬಿಟ್ಟುಕೊಟ್ಟ ಪ್ರೋಗ್ರಾಂ ತುಂಡುಗಳು. ಪಿಡಿಎಫ್ ಮಾಡಲು ಒಂದು, ಚಿತ್ರ ಕೂರಿಸಲು ಒಂದು, ಹಳೆಯ ಫಾಕ್ಸ್‌ಪ್ರೊ ಫೈಲು ಓದಲು ಒಂದು. ನಾವೇ ಬರೆಯುವ ಶ್ರಮವಿಲ್ಲ, ಇಳಿಸಿಕೊಂಡರಾಯಿತು. ಇಳಿಸಿಕೊಳ್ಳುವುದು ಮಾತ್ರ ಫೋನ್ ಲೈನಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಒಂದು ಲೈಬ್ರರಿ ಬರುವಷ್ಟರಲ್ಲಿ ನಾನು ತಂದ ಚಿತ್ರಾನ್ನ ಮುಗಿದಿರುತ್ತಿತ್ತು. ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಶಿವಮಲ್ಲಪ್ಪನವರು ಫೋನಿನ ಮೇಲೆ ಒಂದು ಬುಟ್ಟಿ ಮಗುಚಿ ಹಾಕಿಡುತ್ತಿದ್ದರು.

ಮೊದಲ ಪೆಟ್ಟು ಬಿದ್ದದ್ದು ತಿರುಮಕೂಡಲು ನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ. ಭತ್ತ ತಂದ ರೈತರಿಗೆ ತೂಕದ ಚೀಟಿ ಮುದ್ರಿಸಿ ಕೊಡುವ ಪ್ರೋಗ್ರಾಂ. ಗಿರಣಿ ಯಜಮಾನರಿಗೆ ಚೀಟಿಯ ತಲೆಯ ಮೇಲೆ ಗಣಪತಿ ಚಿತ್ರ ಬೇಕೇ ಬೇಕು. ನಮ್ಮ ಅಂಗಡಿಯಲ್ಲಿ ಚೆಂದವಾಗಿ ಬಂತು. ಸಿಡಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿ ಹೋದೆ. ಅಲ್ಲಿ ಹಾಕಿದರೆ ತೆರೆಯ ಮೇಲೆ ಒಂದೇ ಸಾಲು: ಪಿಡಿಎಫ್ ಲೈಬ್ರರಿ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿ ಅದನ್ನು ಎಂದೋ ಹಾಕಿಕೊಂಡಿದ್ದೆ, ಹಾಕಿದ್ದೇ ಮರೆತುಹೋಗಿತ್ತು. ಪ್ರೋಗ್ರಾಂ ಒಯ್ದಿದ್ದೆ, ಅದು ಆತುಕೊಂಡಿದ್ದ ಗೋಡೆಯನ್ನು ಬಿಟ್ಟು ಬಂದಿದ್ದೆ.

ಮಾರನೆಯ ದಿನ ಪಿಡಿಎಫ್ ಲೈಬ್ರರಿ ಒಯ್ದೆ. ಆಗ ಅದು ಚಿತ್ರದ ಲೈಬ್ರರಿ ಎಲ್ಲಿ ಎಂದಿತು. ಗಣಪತಿಯನ್ನು ಕೂರಿಸುವುದು ಅದರ ಕೈಲಿ ಆಗದು, ಅದಕ್ಕೆ ಇನ್ನೊಬ್ಬರ ಸಹಾಯ ಬೇಕು. ನೆಂಟರೊಬ್ಬರನ್ನು ಕರೆದರೆ ಅವರ ಹಿಂದೆ ಅವರ ನೆಂಟರು. ಮೂರನೆಯ ದಿನ ಅದನ್ನೂ ಒಯ್ದೆ. ಅದು ನಮ್ಮ ಪೈಥಾನ್ ಆವೃತ್ತಿಗೆ ಹೊಂದುವಂತೆ ಮಾಡಿದ್ದು, ಗಿರಣಿಯಲ್ಲಿ ಇದ್ದದ್ದು ಅದಕ್ಕಿಂತ ಹಿಂದಿನದು. ಮತ್ತೆ ತಪ್ಪಿದೆ ಎಂಬ ಸಂದೇಶ.

ಗಿರಣಿ ಯಜಮಾನರು ಮೂರು ದಿನದಿಂದಲೂ ಹಿಂದೆ ನಿಂತು ನೋಡುತ್ತಿದ್ದವರು ಅವತ್ತು ಕೇಳಿಯೇಬಿಟ್ಟರು. “ಅಲ್ಲ ಮೇಡಮ್ಮೋರೆ, ನಿಮ್ಮನೇಲಿ ಚೆಂದಾಗಿ ಉಣ್ಣೋ ಕೂಸು ನಮ್ಮನೇಗೆ ಬಂದ್ರೆ ಯಾಕೆ ಬಾಯೇ ಬಿಡಾಕಿಲ್ಲ?”

“ತಟ್ಟೆ ಲೋಟ ತಂದಿಲ್ಲ ಯಜಮಾನ್ರೆ,” ಅಂದೆ, ನಾಚಿಕೆಯಾಗಿ.

“ತಟ್ಟೆ ಲೋಟ ಅಲ್ಲ ಕಣ್ರೀ, ನೀವು ಒಲೆನೂ ಒತ್ಕಂಡು ಬರ್ಬೇಕು ಅಂತ ಕಾಣ್ತದೆ. ಗಣಪತಿನ ಬ್ಯಾಡ ಅಂದ್ಬುಟ್ರೆ ನಡೀತದಾ?”

“ನಡೀತದೆ.”

“ಅಂಗಾದ್ರೂ ಬ್ಯಾಡ, ನಾಳಿಕ್ಕೇ ಬನ್ನಿ. ಗಣಪತಿ ಇಲ್ದೆ ಚೀಟಿ ಒರಡಾಕಿಲ್ಲ.”

ಅವರು ತಮಾಷೆಗೆ ಅಂದದ್ದೇ ಸರಿಯಾದ ದಾರಿಯಾಗಿತ್ತು. ನಾಲ್ಕನೆಯ ದಿನ ಒಂದೇ ಫೋಲ್ಡರಿನಲ್ಲಿ ಪ್ರೋಗ್ರಾಂ, ಅದಕ್ಕೆ ಬೇಕಾದ ಎಲ್ಲ ಲೈಬ್ರರಿಗಳು, ಅವು ಕೇಳುವ ಲೈಬ್ರರಿಗಳು, ಕೊನೆಗೆ ಪೈಥಾನನ್ನೂ ತುಂಬಿ ಒಯ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಏನಿದೆ ಏನಿಲ್ಲ ಎಂದು ನೋಡುವುದೇ ಬೇಡ, ಬೇಕಾದದ್ದನ್ನು ತನ್ನ ಫೋಲ್ಡರಿನಲ್ಲೇ ಮೊದಲು ಹುಡುಕು ಎಂದು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದೆ. ಗಣಪತಿ ಸಮೇತ ಚೀಟಿ ಹೊರಟಿತು. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

ಅಂದಿನಿಂದ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಏನೂ ಹಾಕದೆ ಖಾಲಿ ಇಟ್ಟೆವು. ಅದಕ್ಕೆ ನಾವಿಟ್ಟ ಹೆಸರು ಸನ್ಯಾಸಿ. ಯಾವ ಪ್ರೋಗ್ರಾಂ ಸಿದ್ಧವಾದರೂ ಮೊದಲು ಅಲ್ಲಿ ಓಡಬೇಕು. ಏನೂ ಇಲ್ಲದವನ ಬಳಿ ನಡೆದರೆ ಎಲ್ಲರ ಬಳಿಯೂ ನಡೆಯುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ಮಕ್ಕಳೇ, ಈಗ ನಿಮ್ಮಲ್ಲಿ ಇದಕ್ಕೆ ಒಳ್ಳೊಳ್ಳೆಯ ಉಪಕರಣಗಳು ಬಂದಿವೆ, ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಆವರಣ ಮಾಡಿಕೊಡುತ್ತವೆ, ಲೈಬ್ರರಿಯ ಪಟ್ಟಿಯನ್ನೂ ಆವೃತ್ತಿಯನ್ನೂ ಅವೇ ಬರೆದಿಡುತ್ತವೆ. ಆದರೂ ಒಂದು ಖಾಲಿ ಕಂಪ್ಯೂಟರಿನಲ್ಲಿ ಓಡಿಸಿ ನೋಡದೆ ಯಾರಿಗೂ ಏನನ್ನೂ ಕೊಡಬೇಡಿ.

ಇನ್ನು ನಮ್ಮ ದೊಡ್ಡ ತಪ್ಪಿಗೆ ಬರುತ್ತೇನೆ. ಶಿವಮಲ್ಲಪ್ಪನವರ ಮನೆತನ ಮಠಕ್ಕೆ ನಡೆದುಕೊಂಡು ಬಂದದ್ದು. ಅವರು ಚಿಕ್ಕಂದಿನಲ್ಲಿ ಮಠದ ದಾಸೋಹದಲ್ಲಿ ಬಡಿಸಿದವರು. ನಾನು ಗಿರಣಿಗೊಂದು, ಕಾರ್ಖಾನೆಗೊಂದು, ಇನ್ನೆರಡು ಕಡೆಗೆ ಒಂದೊಂದು ಎಂದು ಲೈಬ್ರರಿಗಳ ಪ್ರತಿ ಇಟ್ಟುಕೊಂಡಿದ್ದು ಅವರಿಗೆ ಸರಿಕಾಣಲಿಲ್ಲ.

“ಇದೇನು ರತ್ನಮ್ಮ, ಒಂದೇ ಸಾಮಾನನ್ನ ನಾಲ್ಕು ಡಬ್ಬಕ್ಕೆ ತುಂಬಿದ್ದೀರಿ? ಮಠದಲ್ಲಿ ಎಷ್ಟು ಸಾವಿರ ಜನ ಉಂಡರೂ ಉಗ್ರಾಣ ಒಂದೇ. ಯಾರು ಬಂದರೂ ಅಲ್ಲಿಂದಲೇ ಅಳೆದು ಕೊಡೋದು. ಅದೇ ಶಿಸ್ತು.”

“ಒಂದೊಂದು ಕಡೆ ಒಂದೊಂದು ಆವೃತ್ತಿ ಇದೆ ಸಾರ್.”

“ಅದೇ ನಾನು ಹೇಳೋದು. ಎಲ್ಲರಿಗೂ ಹೊಸದನ್ನೇ ಕೊಡೋಣ. ಹಳೇ ಅಕ್ಕಿ ಒಬ್ಬರಿಗೆ, ಹೊಸ ಅಕ್ಕಿ ಒಬ್ಬರಿಗೆ ಅಂತ ಪಂಕ್ತಿಭೇದ ಮಾಡಬಾರದು.”

ಮಾತು ನನಗೂ ಚೆನ್ನಾಗಿ ಕಂಡಿತು, ಸುಳ್ಳು ಹೇಳುವುದಿಲ್ಲ. ಒಂದು ಫೋಲ್ಡರ್ ಮಾಡಿ ಅದಕ್ಕೆ ಉಗ್ರಾಣ ಎಂದೇ ಹೆಸರಿಟ್ಟೆ. ಎಲ್ಲ ಲೈಬ್ರರಿಗಳನ್ನೂ ಅದಕ್ಕೆ ಸುರಿದೆ. ಯಾರಿಗೆ ಸಿಡಿ ಹೋಗಬೇಕಾದರೂ ಅಲ್ಲಿಂದಲೇ ನಕಲು. ಆರು ತಿಂಗಳು ಸುಗಮವಾಗಿ ನಡೆಯಿತು.

ಆಮೇಲೆ ಗಿರಣಿಯವರು ತಮ್ಮ ಹಳೆಯ ಫಾಕ್ಸ್‌ಪ್ರೊ ಫೈಲಿನಲ್ಲಿರುವ ಷರಾ ಅಂಕಣವೂ ಚೀಟಿಯ ಮೇಲೆ ಬರಬೇಕೆಂದರು. ಫಾಕ್ಸ್‌ಪ್ರೊ ಫೈಲು ಓದುವ ನಮ್ಮ ಲೈಬ್ರರಿಗೆ ಆ ಅಂಕಣ ಓದಲು ಬರುತ್ತಿರಲಿಲ್ಲ. ಅದರ ಹೊಸ ಆವೃತ್ತಿಗೆ ಬರುತ್ತಿತ್ತು. ಬುಟ್ಟಿ ಮಗುಚಿ, ಇಳಿಸಿಕೊಂಡು, ಉಗ್ರಾಣದಲ್ಲಿ ಹಳೆಯದರ ಮೇಲೆ ಹೊಸದನ್ನು ಹಾಕಿದೆ. ಅದರ ಜೊತೆ ಬದಲಾವಣೆಗಳ ಪಟ್ಟಿಯೊಂದು ಬಂದಿತ್ತು. ಷರಾ ಅಂಕಣದ ಸಾಲು ಕಂಡೊಡನೆ ಖುಷಿಯಾಗಿ ಮುಚ್ಚಿಟ್ಟೆ. ಕೆಳಗಿನ ಸಾಲುಗಳನ್ನು ಓದಲಿಲ್ಲ.

ಗಿರಣಿಯ ಕೆಲಸ ಸರಿಹೋಯಿತು. ತಿಂಗಳು ಕಳೆದ ಮೇಲೆ ತಾಂಡ್ಯದ ಕಾರ್ಖಾನೆಯವರು ಒಂದು ವರದಿಯ ತಲೆಬರಹ ಬದಲಾಯಿಸಿಕೊಡಿ ಎಂದರು. ಅಲ್ಲಿ ನಂಜುಂಡಸ್ವಾಮಿ ಇನ್ನೂ ಹಳೆಯ ಫಾಕ್ಸ್‌ಪ್ರೊ ತೆರೆಯಲ್ಲೇ ಹಾಜರಾತಿ ತುಂಬುತ್ತಿದ್ದರು. ವರದಿಗಳನ್ನು ಮಾತ್ರ ನಮ್ಮ ಪೈಥಾನ್ ಪ್ರೋಗ್ರಾಂ ಆ ಫೈಲುಗಳನ್ನು ಓದಿ ತೆಗೆಯುತ್ತಿತ್ತು. ತಲೆಬರಹದ ಒಂದು ಸಾಲು ತಿದ್ದಿ, ಉಗ್ರಾಣದಿಂದ ಲೈಬ್ರರಿಗಳನ್ನು ನಕಲು ಮಾಡಿ, ಸನ್ಯಾಸಿಯ ಮೇಲೆ ಓಡಿಸಿ, ಸಿಡಿ ಕೊಟ್ಟು ಬಂದೆ. ಎಲ್ಲೂ ತಪ್ಪಿದೆ ಎಂಬ ಸಂದೇಶ ಬರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಂಜುಂಡಸ್ವಾಮಿಯವರ ಫೋನು. “ಬೇಗ ಒಂದು ಗಳಿಗೆ ಬಂದು ಓಗಿ ರತ್ನಮ್ಮ. ಇಲ್ಲೊಬ್ಬಳು ನನ್ ಟೇಬಲ್ ಬುಟ್ಟು ಏಳ್ತಾನೇ ಇಲ್ಲ.”

ಹೋದಾಗ ವಿಷಯ ತಿಳಿಯಿತು. ಮಧ್ಯೆ ಕೆಲಸ ಬಿಡದೆ ಇಂತಿಷ್ಟು ವರ್ಷ ದುಡಿದ ಗುತ್ತಿಗೆ ಕೆಲಸಗಾರರನ್ನು ಕಾಯಂ ಮಾಡಿಕೊಳ್ಳಲು ಕಂಪನಿ ಒಪ್ಪಿತ್ತು. ಆ ಪಟ್ಟಿಯನ್ನು ನಮ್ಮ ಪ್ರೋಗ್ರಾಂ ತೆಗೆದಿತ್ತು, ಬೆಳಿಗ್ಗೆ ನೋಟೀಸ್ ಬೋರ್ಡಿಗೆ ಅಂಟಿಸಿದ್ದರು. ಸಂಜೆ ನಾಲ್ಕಕ್ಕೆ ಹೆಡ್ ಆಫೀಸಿಗೆ ಹೋಗುವ ವ್ಯಾನಿನಲ್ಲಿ ಅದು ಹೋಗಬೇಕು. ಹೋದರೆ ಮುಗಿಯಿತು. ಮುಂದಿನ ಪಟ್ಟಿ ಯಾವಾಗಲೋ, ಇದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಪ್ಯಾಕಿಂಗ್ ವಿಭಾಗದ ಮಹದೇವಮ್ಮನ ಹೆಸರು ಅದರಲ್ಲಿ ಇರಲಿಲ್ಲ. ಮೂಗೂರಿನವಳು, ಈ ಕೆಲಸಕ್ಕಾಗಿಯೇ ನಂಜನಗೂಡಿನಲ್ಲಿ ಕೋಣೆ ಮಾಡಿಕೊಂಡಿದ್ದಳು.

ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. “ನೀವೇನಾ ಕಂಪ್ಯೂಟರ್‌ನೋರು? ಅದ್ಕೆ ಏಳಿ ಸ್ವಲ್ಪ. ನಾನು ಕೆಲ್ಸ ಬುಟ್ಟೋಗಿದ್ದೆ ಅಂತದಂತೆ. ಯಾವತ್ತು ಬುಟ್ಟಿದ್ದೆ? ಬಾಣಂತನಕ್ಕೂ ನಾನು ರಜ ಆಕಿದ್ದೋಳು, ಬುಟ್ಟೋಳಲ್ಲ.”

“ಅಯ್ಯೋ, ಅದು ಪ್ರಿಂಟಲ್ಲಿ ಅಂಗೇ ಬಂದದೆ ಕಣಮ್ಮ, ನಾನೇನ್ ಬರ್ದೆನಾ?” ಅಂದರು ನಂಜುಂಡಸ್ವಾಮಿ.

“ಪ್ರಿಂಟು ದಿನಾ ಗೇಟಲ್ಲಿ ನಿಂತ್ಕಂಡು ನೋಡಿತ್ತಾ ಸಾ? ನೀವ್ ನೋಡಿದ್ದೋರು. ನೀವೇ ಏಳಿ, ನಾನ್ ಬಂದಿದ್ನಾ ಇಲ್ವಾ?”

ನಂಜುಂಡಸ್ವಾಮಿ ತಲೆ ತಗ್ಗಿಸಿದರು. “ಬಂದಿದ್ಳು,” ಅಂದರು ನನ್ನ ಕಡೆ ತಿರುಗಿ. “ಬಂದಿರೋದು ನಿಜ.”

ಫಾಕ್ಸ್‌ಪ್ರೊ ತೆರೆಯಲ್ಲಿ ಅವಳ ಟೋಕನ್ ನಂಬರು ಹಾಕಿ ನೋಡಿದೆ. ಕೆಲಸ ಬಿಟ್ಟ ಸಾಲು ಎಲ್ಲೂ ಇಲ್ಲ. ನಮ್ಮ ಪ್ರೋಗ್ರಾಂ ಓಡಿಸಿದೆ. ಕೆಲಸ ಬಿಟ್ಟಿದ್ದಾಳೆ ಎಂದಿತು. ಅದೇ ಫೈಲು, ಎರಡು ಮಾತು. ಒಂದು ಒಳ್ಳೆಯ ಅಭ್ಯಾಸ ನನಗಿತ್ತು: ಯಾರಿಗೆ ಕೊಟ್ಟ ಯಾವ ಸಿಡಿಯನ್ನೂ ಎಸೆಯುತ್ತಿರಲಿಲ್ಲ, ಅವರ ಆಫೀಸಿನಲ್ಲೇ ಕವರಿಗೆ ಹಾಕಿ ತಾರೀಕು ಬರೆದು ಇಡಿಸುತ್ತಿದ್ದೆ. ಬೀರುವಿನಿಂದ ಹಿಂದಿನ ಸಿಡಿ ತೆಗೆಸಿ ಬೇರೆ ಫೋಲ್ಡರಿಗೆ ಹಾಕಿ ಓಡಿಸಿದೆ. ಮಹದೇವಮ್ಮ ಪಟ್ಟಿಯಲ್ಲಿ ಇದ್ದಳು. ಅವಳೊಬ್ಬಳೇ ಅಲ್ಲ, ಬೋರ್ಡಿನ ಪಟ್ಟಿಯಲ್ಲಿ ಇಲ್ಲದ ಇನ್ನೂ ಮೂರು ಹೆಸರು ಬಂದವು.

ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ತೆರೆದು ಫೈಲುಗಳ ಅಳತೆ ಹೋಲಿಸಿದೆ. ನಮ್ಮ ಪ್ರೋಗ್ರಾಮಿನಲ್ಲಿ ಆ ತಲೆಬರಹದ ಸಾಲು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಲೈಬ್ರರಿಗಳಲ್ಲಿ ಫಾಕ್ಸ್‌ಪ್ರೊ ಓದುವುದು ಒಂದು ಮಾತ್ರ ಬೇರೆ. ಅದರ ಜೊತೆ ಬಂದಿದ್ದ ಬದಲಾವಣೆಗಳ ಪಟ್ಟಿ ಆ ಸಿಡಿಯಲ್ಲೇ ಇತ್ತು. ಈ ಸಲ ಕೊನೆಯವರೆಗೂ ಓದಿದೆ. ಷರಾ ಅಂಕಣದ ಸಾಲಿನ ಕೆಳಗೆ ನಾಲ್ಕನೆಯ ಸಾಲು: ಅಳಿಸಿದ ಗುರುತಿರುವ ಸಾಲುಗಳನ್ನು ಇನ್ನು ಮುಂದೆ ಲೈಬ್ರರಿ ಬಿಟ್ಟುಬಿಡುವುದಿಲ್ಲ, ಎಲ್ಲವನ್ನೂ ಕೊಡುತ್ತದೆ, ಬೇಡದವರು ಗುರುತು ನೋಡಿ ತಾವೇ ಬಿಡತಕ್ಕದ್ದು.

“ಸ್ವಾಮಿಯವರೇ, ಈಯಮ್ಮನ ಮೇಲೆ ಯಾವತ್ತಾದರೂ ಕೆಲಸ ಬಿಟ್ಟಳು ಅಂತ ಬರೆದು ಆಮೇಲೆ ಅಳಿಸಿದ್ರಾ?” ಅಂತ ಕೇಳಿದೆ.

ಅವರು ಹಣೆ ಚಚ್ಚಿಕೊಂಡರು. “ಊಂ ಕಣಮ್ಮ! ಇನ್ನೊಬ್ಬಳು ಮಹದೇವಮ್ಮ ಇದ್ಳು, ಗಂಡನ್ ಊರ್ಗೆ ಓದ್ಳು. ಅವಳ್ದು ಇವಳ್ ನಂಬರಿಗೆ ಒತ್ತಿಬುಟ್ಟಿದ್ದೆ. ಸಂಜೇನೇ ಗೊತ್ತಾಗಿ ಅಳಿಸ್ದೆ. ಅದು ಎಂಗೆ ಎದ್ದು ಬಂತು?”

ಅದು ಹೇಗೆ ಎದ್ದು ಬಂತೆಂದು ನನಗೊಬ್ಬಳಿಗೆ ಗೊತ್ತಿತ್ತು: ಪ್ಯಾಕ್ ಕೊಡದೆ ಫೈಲಿನಲ್ಲೇ ಬಿದ್ದಿದ್ದ ಸಾಲನ್ನು ಹೊಸ ಲೈಬ್ರರಿ ಎತ್ತಿ ಕೊಟ್ಟಿತ್ತು. ಇಲ್ಲದ ಲೈಬ್ರರಿಯಾದರೆ ಗಿರಣಿಯಲ್ಲಿ ಮಾಡಿದ ಹಾಗೆ ಕೂಗಿ ಹೇಳುತ್ತದೆ. ಬದಲಾದ ಲೈಬ್ರರಿ ಏನೂ ಹೇಳದೆ ಬೇರೆ ಉತ್ತರ ಕೊಡುತ್ತದೆ. ಸನ್ಯಾಸಿಗೂ ಅದು ತಿಳಿಯುವುದಿಲ್ಲ.

ಅಂಗಡಿಗೆ ಫೋನು ಮಾಡಿ ಶಿವಮಲ್ಲಪ್ಪನವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಗಿರಣಿಗೆಂದು ತಂದದ್ದು ಉಗ್ರಾಣಕ್ಕೆ ಬಿತ್ತು, ಉಗ್ರಾಣದಿಂದ ಇಲ್ಲಿಗೆ ಬಂತು, ಬದಲಾವಣೆಗಳ ಪಟ್ಟಿ ಓದದೆ ಹಾಕಿದವಳು ನಾನು. ಬೈಯುತ್ತಾರೆ ಎಂದುಕೊಂಡೆ.

“ಮಠದಲ್ಲೂ ಪಥ್ಯದವರಿಗೆ ಬೇರೆ ಒಲೆ ಹಚ್ಚುತ್ತಾರೆ ಕಣಮ್ಮ,” ಅಂದರು. “ಅದು ನನಗೆ ನೆನಪೇ ಆಗಲಿಲ್ಲ ನೋಡಿ. ನೀವು ಅಲ್ಲೇ ಇರಿ. ಆಫೀಸರ ಹತ್ತಿರ ಒಬ್ಬರೇ ಹೋಗಬೇಡಿ, ನಾನು ಬರ್ತೀನಿ.”

ಸ್ಕೂಟರಿನಲ್ಲಿ ಬಂದರು. ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಸಿಬ್ಬಂದಿ ವಿಷಯ ನೋಡುವ ಪರ್ಸನೆಲ್ ಆಫೀಸರು ನಾವು ಹೇಳಿದ್ದನ್ನು ಕೇಳಿ, “ಹಾಗಾದರೆ ಬೆಳಗಿನ ಪಟ್ಟಿ ಸುಳ್ಳು, ಈಗಿನದು ನಿಜ ಅಂತೀರಿ. ನಾನು ಯಾವುದನ್ನ ನಂಬಲಿ?” ಅಂದರು.

“ಎರಡನ್ನೂ ನಂಬಬೇಡಿ ಸಾರ್,” ಅಂದೆ. “ಹಾಜರಿ ಪುಸ್ತಕ ತರಿಸಿ. ನಾಲ್ಕು ಜನರದ್ದು ನೋಡೋಣ.”

ಮಧ್ಯಾಹ್ನ ಎರಡೂವರೆವರೆಗೆ ನೋಡಿದೆವು. ಶಿವಮಲ್ಲಪ್ಪನವರು ಪುಸ್ತಕ ಹಿಡಿದರು, ನಂಜುಂಡಸ್ವಾಮಿ ಓದಿದರು, ಆಫೀಸರೇ ಬೆರಳಿಟ್ಟು ತಾಳೆ ನೋಡಿದರು. ನಾಲ್ಕು ಜನರೂ ಬಿಡದೆ ದುಡಿದಿದ್ದರು. ಮಹದೇವಮ್ಮ ಊಟಕ್ಕೂ ಏಳದೆ ಬಾಗಿಲ ಆಚೆ ಕೂತಿದ್ದಳು. ಆಫೀಸರು ಹಳೆಯ ಸಿಡಿಯಿಂದ ಬಂದ ಪಟ್ಟಿಗೆ ಸಹಿ ಹಾಕಿ ಲಕೋಟೆಗೆ ಸೇರಿಸಿದರು. ನಮ್ಮ ಕಡೆ ನೋಡಿ, “ನೀವೇ ಬಂದು ಒಪ್ಪಿಕೊಂಡಿರಿ, ಅದಕ್ಕೆ ಇಷ್ಟಕ್ಕೇ ಬಿಡ್ತೀನಿ,” ಅಂದರು. ಆಗ ನನಗೆ ಹಸಿವಾಗುತ್ತಿದೆ ಎಂಬುದು ಗೊತ್ತಾಯಿತು.

ಬಸ್ಸಿಗೆ ಇನ್ನೂ ಸಮಯವಿತ್ತು. ಶಿವಮಲ್ಲಪ್ಪನವರು ಸ್ಕೂಟರಿನ ಬಳಿ ನಿಂತು, ಸೋಮವಾರದಿಂದ ಒಬ್ಬೊಬ್ಬರ ಫೋಲ್ಡರಿನಲ್ಲೂ ಅವರವರದೇ ಲೈಬ್ರರಿ, ಅದರ ಆವೃತ್ತಿ ಒಂದು ನೋಟ್ ಪುಸ್ತಕದಲ್ಲಿ, ಒಂದನ್ನು ಬದಲಾಯಿಸಿದರೆ ಹಳೆಯ ಉತ್ತರ ಹೊಸ ಉತ್ತರ ಎರಡನ್ನೂ ಮುದ್ರಿಸಿ ತಾಳೆ ನೋಡಿದ ಮೇಲೆಯೇ ಸಿಡಿ, ಎಂದು ನಾನು ಹೇಳಬೇಕಾದದ್ದನ್ನೆಲ್ಲ ತಾವೇ ಹೇಳಿದರು. ಅವರು ಇರುವವರೆಗೂ ಹಾಗೆಯೇ ನಡೆಯಿತು. ಆಮೇಲೂ ನಾನು ನಡೆಸಿದೆ.

ಹೊಸ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ್ದರು. ಮಹದೇವಮ್ಮ ಅದರ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಕರೆದಳು. “ಅಕ್ಕ, ನಂಗೆ ಓದಕ್ಕೆ ಬರಾಕಿಲ್ಲ. ನನ್ನೆಸ್ರು ಎಲ್ಲದೆ, ಬೆಟ್ಟಿಟ್ಟು ತೋರ್ಸಿ.”

ತೋರಿಸಿದೆ. ಅವಳು ಬೆರಳನ್ನು ಅದರ ಮೇಲಿಟ್ಟು, ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ಸವರಿದಳು.

“ಇಷ್ಟೇನಾ?”

“ಇಷ್ಟೇ ಕಣವ್ವ.”

“ಬೆಳಿಗ್ಗೆ ಇರ್ನಿಲ್ಲ, ಈಗ ಅದೆ. ನಾಳಿಕ್ಕೂ ಇರ್ತದಾ?”

ನನ್ನ ಕೆಲಸ ಏನೆಂದು ಅಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ.

“ಇರ್ತದೆ,” ಅಂದೆ. “ನಾನು ನೋಡ್ಕೋತೀನಿ.”

ಅವಳು ತಲೆಯಾಡಿಸಿ, ಸೆರಗು ಸಿಕ್ಕಿಸಿಕೊಂಡು ಪ್ಯಾಕಿಂಗಿಗೆ ಹೋದಳು. ಪಾಳಿ ಮುಗಿಯಲು ಇನ್ನೂ ಒಂದು ಗಂಟೆ ಇತ್ತು.